ಬಾಗಿಲಿಗೆ ಕಟ್ಟಿದ ಪೊರಕೆಜೋಳ

"ಥೂ! ಮೊದ್ಲು ಬಾಯಿಂದ ಆ ಬೆರಳು ತೆಗೀರಿ!"

ಅಮೂಲ್ಯ ಕೂಗಿದ ರಭಸಕ್ಕೆ ಜೋಳದ ಸಾಲಿನ ನಡುವೆ ನಿಂತಿದ್ದ ಅಪರಿಚಿತ ಬೆಚ್ಚಿಬಿದ್ದ. ಬೆರಳು ಮಾತ್ರ ಬಾಯಲ್ಲೇ ಉಳಿಯಿತು.

ಯಾರಿವನು? ಹೇಳದೆ ಕೇಳದೆ ತನ್ನ ಹೊಲಕ್ಕೆ ನುಗ್ಗಿದ್ದಲ್ಲದೆ, ಎಲೆಯ ಮೇಲಿನ ಅಂಟನ್ನು ಬೆರಳಲ್ಲಿ ಬಳಿದು ಚೀಪುತ್ತಾ ನಿಂತಿದ್ದಾನಲ್ಲ! 

"ಜೇನುತುಪ್ಪ ಸುರಿದಂಗೆ ಮಿಂಚ್ತಿತ್ತು ಕಣ್ರೀ. ಸಿಹಿಯಾಗೇ ಐತೆ! ಇದೇನು, ಕಬ್ಬಿನ ಜಾತೀನಾ?"

"ಹೇನಿನ ಹೇಲು."

"ಆಂ?"

"ಎಲೆ ಮಗುಚಿ ನೋಡಿ, ಗೊತ್ತಾಗ್ತದೆ."

ಮಗುಚಿ ನೋಡಿದ. ಎಲೆಯ ಅಡಿಯಲ್ಲಿ ಹಳದಿ ಹೇನುಗಳು ಒಂದರ ಮೇಲೊಂದು ಹತ್ತಿಕೊಂಡು ಗಿಜಿಗುಡುತ್ತಿದ್ದವು. ಅವುಗಳ ಹಿಂಭಾಗದಿಂದ ಜಿನುಗಿದ್ದು ಕೆಳಗಿನ ಎಲೆಗೆ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಇರುವೆ ಮುತ್ತಿತ್ತು, ಹಳೆಯ ಅಂಟಿಗೆ ಕಪ್ಪು ಬೂಷ್ಟು ಹಿಡಿದಿತ್ತು.

ಅವನ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಮರುಕ್ಷಣ ಬದುವಿನ ಕಡೆ ಓಡಿ, ಕುಕ್ಕರಗಾಲಲ್ಲಿ ಕೂತು, ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿಬಿಟ್ಟ.

ಅಮೂಲ್ಯ ಮತ್ತು ಯೋಗಾನಂದರ ಮೊದಲ ಭೇಟಿ ಹೀಗಾಯಿತು. ತಂಗಾಳಿ ಬೀಸಲಿಲ್ಲ, ಹೂವು ಉದುರಲಿಲ್ಲ. ಒಬ್ಬರು ವಾಂತಿ ಮಾಡಿದರು, ಇನ್ನೊಬ್ಬರು ಮೂಗು ಮುಚ್ಚಿಕೊಂಡೇ ಒಂದು ತಂಬಿಗೆ ನೀರು ತಂದುಕೊಟ್ಟರು.

"ಇಷ್ಟು ಹೇನು ಬಿದ್ದೈತೆ, ಔಷಧಿ ಹೊಡೀಬಾರ್ದಾ?" ಬಾಯಿ ಮುಕ್ಕಳಿಸುತ್ತಾ ಕೇಳಿದ.

"ಪಕ್ಕದಲ್ಲೇ ನಮ್ಮಪ್ಪನ ಹಿಪ್ಪುನೇರಳೆ ತೋಟ ಕಾಣ್ತಿಲ್ವಾ? ಔಷಧಿ ಗಾಳೀಲಿ ಹೋಗಿ ಆ ಸೊಪ್ಪಿಗೆ ತಾಗಿದ್ರೆ ಮನೇಲಿರೋ ರೇಷ್ಮೆ ಹುಳ ಒಂದೂ ಉಳಿಯಲ್ಲ. ಆಮೇಲೆ ಅಪ್ಪ ನನ್ನನ್ನೂ ಉಳ್ಸಲ್ಲ. ಸೋಪಿನ ನೀರಲ್ಲಿ ಎಲೆಎಲೆ ಒರಸ್ಬೇಕು, ಅಷ್ಟೇ. ಅದಿರ್ಲಿ, ಯಾರು ನೀವು?"

ಅವನು ಚನ್ನಪಟ್ಟಣದವನು. ಮರದ ಮಣಿ, ಗೊಂಬೆ ಮಾಡುವ ಸಣ್ಣ ಲೇತು ಅವನದು. ಮರ ನೋಡಲೆಂದು ವಿರೂಪಾಕ್ಷಿಪುರದ ಕಡೆ ಬಂದವನಿಗೆ ದಾರಿಯಿಂದಲೇ ಈ ಬೆಳೆ ಕಂಡಿತ್ತು. ಆಳೆತ್ತರ ಮೀರಿದ ಜೋಳ... ಆದರೆ ತೆನೆ ಮಾತ್ರ ಕುದುರೆ ಬಾಲದ ಹಾಗೆ ಉದ್ದುದ್ದ ಎಳೆ! ಒಂದು ಗಿಡದಲ್ಲಿ ಕೆಂಪು, ಇನ್ನೊಂದರಲ್ಲಿ ಜೇನಿನ ಬಣ್ಣ, ಮತ್ತೊಂದರಲ್ಲಿ ಕಡುಗಪ್ಪು. ಬೈಕು ನಿಲ್ಲಿಸದೆ ಹೋಗಲು ಅವನಿಂದ ಆಗಲಿಲ್ಲ.

"ಪೊರಕೆಜೋಳ," ಎಂದಳು ಅಮೂಲ್ಯ. ಆ ಹೆಸರು ಹೇಳುವಾಗೆಲ್ಲ ಎದುರಿನವರ ಮುಖ ನೋಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಮೊದಲು ನಗು, ಆಮೇಲೆ ಮೂಗಿನ ಹತ್ತಿರ ಒಂದು ಸಣ್ಣ ಸುಕ್ಕು... "ಇದರಲ್ಲಿ ಕಾಳು ಕಮ್ಮಿ, ಎಳೆ ಜಾಸ್ತಿ. ಒಣಗಿಸಿ ತೋರಣ, ಗೋಡೆಗೆ ತೂಗುಹಾಕೋ ದುಂಡನೆ ಹಾರ, ಹೂದಾನಿಗೆ ಗೊಂಚಲು, ಎಲ್ಲಾ ಮಾಡ್ಬಹುದು. ಬೀಜ ತರಿಸಿ ನಾನೇ ಬಿತ್ತಿದ್ದು."

ಅವನ ಮೂಗು ಸುಕ್ಕಾಗಲಿಲ್ಲ.

"ಇದರ ಮಧ್ಯೆ ನನ್ನ ಮಣಿ ಪೋಣಿಸಿದ್ರೆ..." ಎಂದು ತಲೆಯೆತ್ತಿ ತೆನೆಗಳನ್ನೇ ನೋಡುತ್ತಾ ನಿಂತ. "ಮುಂದಿನ ಭಾನುವಾರ ಬತ್ತೀನಿ. ಎಲೆ ಒರಸೋಕೆ."

"ನೀವಾ? ಒಂದು ಹೇನು ನೋಡಿ ಕಕ್ಕಿದೋರು!"

"ಒಸಿ ಹೊಟ್ಟೆ ವೀಕು ಕಣ್ರೀ. ಕೈ ಗಟ್ಟಿಯಾಗೈತೆ."

ಅವನು ಹೋದ ಮೇಲೆ ಅಮೂಲ್ಯ ಬದುವಿನ ಮೇಲೆ ಮಣ್ಣು ಎಳೆದಳು. ಅಸಹ್ಯದ ಮನುಷ್ಯ! ಆದರೂ... ಬರುತ್ತಾನಾ?

* * *

ಬಂದ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದ.

ಒಂದೊಂದು ಎಲೆ ಮಗುಚಿದಾಗಲೂ ಅವನ ಗಂಟಲಿನಿಂದ "ಉವ್ವೇ" ಎಂದು ಸದ್ದು ಬರುತ್ತಿತ್ತು. ಕಣ್ಣಲ್ಲಿ ನೀರು ತುಂಬುತ್ತಿತ್ತು. ಬೆರಳ ಸಂದಿಯಲ್ಲಿ ಹೇನು ಹಿಸುಕಿ ಹಳದಿ ರಸವಾದಾಗ ಸತ್ತೇ ಹೋಗುವವನಂತೆ ಆಡುತ್ತಿದ್ದ. ಆದರೆ ಹಿಡಿದ ಸಾಲನ್ನು ಮುಗಿಸದೆ ಎದ್ದವನಲ್ಲ.

"ಇಷ್ಟು ಕಷ್ಟ ಪಟ್ಕೊಂಡು ಯಾಕ್ರೀ ಬರ್ತೀರಾ?" ಒಂದು ದಿನ ಕೇಳೇಬಿಟ್ಟಳು.

"ತೆನೆ ಬಣ್ಣ ನೋಡೋಕೆ."

"ತೆನೆ ಮೇಲಿದೆ. ನೀವು ಈ ಕಡೆ ನೋಡ್ತಿದ್ದೀರಿ."

ಅವನು ತಟ್ಟನೆ ಮೇಲೆ ನೋಡಿದ. ಕಿವಿ ಕೆಂಪಗಾಗಿತ್ತು. ಅಮೂಲ್ಯ ಎಲೆಯ ಮರೆಯಲ್ಲಿ ನಕ್ಕಳು.

ಊರಿನಲ್ಲಿ ಅವಳಿಗೆ ಆಗಲೇ ಹೆಸರಿಟ್ಟಾಗಿತ್ತು. ಡಿಗ್ರಿ ಓದಿ ಪರ್ಕೆ ಬೆಳೀತವ್ಳೆ ಎಂದು ಹಾಲಿನ ಡೈರಿಯ ಮುಂದೆ ನಿಂತು ಆಡಿಕೊಳ್ಳುತ್ತಿದ್ದರು. ನೀರಿಗೆ ಹೋದರೆ "ಬಂದ್ಳು ಪರ್ಕೆ ಅಮೂಲ್ಯ" ಎಂದು ಎದುರಿಗೇ ಅನ್ನುತ್ತಿದ್ದರು. ಕೇಳಿ ಕೇಳಿ ಅವಳಿಗೆ ಅವರ ಮುಖ ಕಂಡರೇ ಹೇಸಿಗೆ ಹುಟ್ಟಿತ್ತು. ಆಡಿಕೊಳ್ಳಲಿ! ಇವನೊಬ್ಬ ಹಾಗೆ ಅನ್ನದಿದ್ದರೆ ಸಾಕು ಎಂದು ಮನಸ್ಸು ಹೇಳಿಕೊಳ್ಳಲು ಶುರುಮಾಡಿದ್ದು ಯಾವಾಗಲೋ ಅವಳಿಗೇ ತಿಳಿಯದು.

ಹೇನು ಹತೋಟಿಗೆ ಬಂತು. ಭಾರಕ್ಕೆ ಎಳೆಗಳು ಸೊಟ್ಟಗಾಗದಿರಲೆಂದು ಇಬ್ಬರೂ ಸೇರಿ ದಂಟುಗಳನ್ನು ಎದೆಯ ಮಟ್ಟದಲ್ಲಿ ಬಾಗಿಸಿ, ತೆನೆ ತಲೆಕೆಳಗಾಗಿ ನೇತಾಡುವ ಹಾಗೆ ಮಾಡಿದರು. ಕಾಳು ಗಟ್ಟಿಯಾದ ಮೇಲೆ ಕೊಯ್ದು, ಸಣ್ಣ ಸಣ್ಣ ಕಟ್ಟು ಕಟ್ಟಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ತೂಗುಹಾಕಿದರು. ಒಂದು ಬೆಳೆ ಗೂಡು ಮಾರಿ ಆಗಿದ್ದರಿಂದ ಆ ಮನೆ ಖಾಲಿ ಇತ್ತು. ನೆರಳು, ಗಾಳಿ, ಬೆಚ್ಚಗಿನ ಒಣ ಹವೆ... ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಯೋಗಾನಂದ ಕೆಂಪು ಕಪ್ಪು ತೆನೆಗಳ ನಡುವೆ ಅರಗಿನ ಬಣ್ಣ ಹಚ್ಚಿದ ತನ್ನ ಹಳದಿ ಮಣಿ ಇಟ್ಟು ತೋರಿಸಿದ. ಅಮೂಲ್ಯ ಅದನ್ನು ಬೆಳಕಿಗೆ ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು.

"ಅಮೂಲ್ಯ," ಎಂದ. ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ. "ನಮ್ಮ ತಂಗಿ ನಿಶ್ಚಿತಾರ್ಥ ಮಾಗಡಿ ಛತ್ರದಲ್ಲಿ. ಬಾಗ್ಲಿಗೆ ಇದೇ ತೋರಣ ಕಟ್ಟನ. ನೀವೂ ಬನ್ನಿ. ಇದನ್ನ ಬೆಳೆದೋರು ಇವರೇ ಅಂತ ನಮ್ಮಮ್ಮಂಗೆ ತೋರಿಸ್ಬೇಕು. ಆಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಈಗಲೇ ಕೇಳಿ."

"ಈಗ ಬ್ಯಾಡ. ಕೈಯೆಲ್ಲ ಅಂಟು."

ಅಜ್ಜಿ ಮಾರಕ್ಕನಿಗೆ ಮಾತ್ರ ತೋರಣದ ಸುದ್ದಿ ಹಿಡಿಸಲಿಲ್ಲ. "ಪರ್ಕೆ ಕದದ ಹಿಂದೆ ಮಲಗಿರ್ಬೇಕು ಕಣವ್ವ. ನಿಲ್ಲಿಸ್ಬಾರ್ದು, ತೂಗಾಕ್ಬಾರ್ದು. ಶುಭ ಕಾರ್ಯದ ಬಾಗ್ಲಿಗೆ ಕಟ್ತಾರಾ ಯಾರಾನ?"

"ಅಜ್ಜಿ, ಇದು ಪರ್ಕೆ ಅಲ್ಲ, ತೆನೆ! ಬಾಗ್ಲಿಗೆ ರಾಗಿ ತೆನೆ ಕಟ್ಟಲ್ವಾ ನೀನು?"

ಅಜ್ಜಿ ಗೊಣಗುತ್ತಾ ಒಳಗೆ ಹೋದರು. ಅವರ ಗೊಣಗಾಟಕ್ಕಿಂತ ದೊಡ್ಡ ತಾಪತ್ರಯ ಅಮ್ಮನಿಂದ ಬಂತು. ಹೊಸ ಬೆಳೆಗೆ ಚಾಕಿ ಹುಳು, ಅಂದರೆ ಎಳೆಯ ಹುಳುಗಳು, ಎರಡು ದಿನ ಮೊದಲೇ ಬರುತ್ತವೆಂದು ಫೋನ್ ಬಂದಿತ್ತು. ಅವು ಬರುವ ಮುಂಚೆ ಹುಳುವಿನ ಮನೆ ಪೂರ್ತಿ ತೊಳೆದು ಬ್ಲೀಚಿಂಗ್ ಪುಡಿ ಹಾಕಬೇಕು. "ನಿನ್ನ ತೆನೆ ಎಲ್ಲಾ ಇವತ್ತೇ ತೆಗಿ!" ಎಂದರು.

ಹೊರಗೆ ಮಳೆ ಹಿಡಿದಿತ್ತು. ಅಮೂಲ್ಯ ಒಂದು ತೆನೆ ಹಿಸುಕಿ ನೋಡಿದಳು. ತುದಿ ಗರಿಗರಿ, ಬುಡದ ಹತ್ತಿರ ಇನ್ನೂ ಮೆದು. ಪೂರ್ತಿ ಒಣಗಿಲ್ಲ... ಅಷ್ಟೇ ತಾನೇ? ಮೆತ್ತಗಿದ್ದರೆ ಕಟ್ಟುವುದೇ ಸುಲಭ ಎಂದುಕೊಂಡಳು. ಕೂತ ಕೂತಲ್ಲೇ ತೋರಣ ಕಟ್ಟಿ, ದೊಡ್ಡ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಳೆಹನಿ ತಾಗದಂತೆ ಬಾಯಿ ಬಿಗಿದು ಯೋಗಾನಂದನ ಕೈಗೆ ಕೊಟ್ಟಳು. ಉಳಿದದ್ದನ್ನು ಚೀಲಗಳಿಗೆ ತುರುಕಿ ಅಟ್ಟಕ್ಕೆ ಏರಿಸಿದಳು. ಹುಳುವಿನ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಅವತ್ತು ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

* * *

ಮೂರು ವಾರ ಕಳೆದು, ನಿಶ್ಚಿತಾರ್ಥದ ದಿನ ಬಸ್ಸು ಬದಲಿಸಿ ಬದಲಿಸಿ ಅಜ್ಜಿಯ ಜೊತೆ ಮಾಗಡಿ ತಲುಪುವಷ್ಟರಲ್ಲಿ ಹೊತ್ತಾಗಿತ್ತು. ಅಮೂಲ್ಯ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಏನು ಕೇಳುತ್ತಾನೆ? ಏನೆಂದು ಕೇಳುತ್ತಾನೆ?

ಛತ್ರದ ಗೇಟು ದಾಟುವ ಮೊದಲೇ ಅವನ ಧ್ವನಿ ಕೇಳಿಸಿತು.

"ಶುಭ ಕಾರ್ಯದ ಬಾಗ್ಲಿಗೆ ಪರ್ಕೆ ನೇತಾಕ್ತಾರಾ? ಥೂ! ನೋಡಿದ್ರೆ ಅಸಹ್ಯ ಆಯ್ತದೆ! ಸರೀರಿ, ಎಲ್ಲಾರೂ ಆ ಕಡೆ ಸರೀರಿ!"

ಅವಳು ಗೇಟಿನಲ್ಲೇ ನಿಂತಳು.

ಯೋಗಾನಂದ ಏಣಿಯ ಮೇಲಿದ್ದ. ಅವಳ ತೋರಣವನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತು ಕಿತ್ತು ಕೆಳಗಿನ ಜಮಖಾನಕ್ಕೆ ಎಸೆಯುತ್ತಿದ್ದ. ಹಳದಿ ಮಣಿಗಳು ಮೆಟ್ಟಿಲ ಮೇಲೆ ಉರುಳುತ್ತಿದ್ದವು. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ದೂರ ನಿಂತಿದ್ದರು. ಅವನ ಮುಖದ ಮೇಲೆ... ಅಯ್ಯೋ, ಆ ಮುಖ! ಅವಳಿಗೆ ಚೆನ್ನಾಗಿ ಗೊತ್ತಿದ್ದ ವಾಕರಿಕೆಯ ಮುಖ.

ಜಮಖಾನ ಸುತ್ತಿ ಎತ್ತಿಕೊಂಡು ತಿರುಗಿದವನಿಗೆ ಅವಳು ಕಂಡಳು.

ಒಂದು ಕ್ಷಣ ಕಣ್ಣಿಗೆ ಕಣ್ಣು ಸೇರಿತು.  ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಛತ್ರದ ಹಿಂದಕ್ಕೆ ಓಡಿದ. ಸ್ವಲ್ಪ ಹೊತ್ತಿಗೆ ಹಿಂದಿನ ಗುಂಡಿಯಿಂದ ಹೊಗೆ ಏಳುವುದು ಕಾಣಿಸಿತು.

ಸುಡುತ್ತಿದ್ದಾನೆ! ತಾನು ಬೀಜ ಬಿತ್ತಿ, ಎಲೆಎಲೆ ಒರಸಿ ಬೆಳೆದದ್ದನ್ನು... ಪಕ್ಕದಲ್ಲಿ ಕೂತು ಒರಸಿದವನೇ!

ನಾನು ಹೇಳಲಿಲ್ಲವಾ ಎಂದು ಅಜ್ಜಿ ಅನ್ನಬಹುದಿತ್ತು. ಮೊಮ್ಮಗಳ ಮುಖ ನೋಡಿದ ಮಾರಕ್ಕ ಆ ಮಾತನ್ನು ನುಂಗಿಕೊಂಡರು.

"ನಡಿ ಮಗ, ಬಸ್ಸು ಸಿಕ್ತದೆ," ಎಂದು ಕೈ ಹಿಡಿದು ಹೊರಟರು.

* * *

ಫೋನು ಬಂದಾಗಲೆಲ್ಲ ಕತ್ತರಿಸಿದಳು. ಕೊನೆಗೆ ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಒಂದು ಸಂಜೆ ಗೇಟಿನ ಹತ್ತಿರವೇ ಬಂದು ನಿಂತ.

"ಪರ್ಕೆ ಮನೆ ಬಾಗ್ಲಿಗೆ ಯಾಕೆ ಬಂದ್ರಿ?" ಕಿಟಕಿಯಿಂದಲೇ ಕೇಳಿದಳು.

"ತಪ್ಪಾಯ್ತು ಅಮೂಲ್ಯ."

"ಅಷ್ಟೇನಾ?"

ಅವನು ತಲೆ ತಗ್ಗಿಸಿ ನಿಂತ. ಅಷ್ಟೇ. ಒಂದು ಕಾರಣ ಹೇಳಲಿಲ್ಲ, ಒಂದು ಸಬೂಬು ಹೇಳಲಿಲ್ಲ. ಅವಳು ಕಿಟಕಿ ಮುಚ್ಚಿದಳು. ಬೈದ ಊರಿನವರೇ ವಾಸಿ, ಅವರದು ಎದುರೆದುರಿನ ಮಾತು. ಇವನು ಪಕ್ಕ ಕೂತು ನಕ್ಕು, ನಾಲ್ಕು ಜನರ ಮುಂದೆ ಉಗಿದವನು. ನೆನೆದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವನ ಮೇಲೆ ಹೇಸಿಗೆ, ಅವನಿಗಾಗಿ ಸೀರೆ ಉಟ್ಟುಹೋದ ತನ್ನ ಮೇಲೆ ಇನ್ನೂ ಹೇಸಿಗೆ.

ಸಾಕು ಈ ಪೊರಕೆಯ ಸಹವಾಸ! ಅಟ್ಟದ ಮೇಲಿನ ಚೀಲಗಳನ್ನೂ ತಿಪ್ಪೆಗೆ ಸುರಿದು ಕೈ ತೊಳೆದುಕೊಳ್ಳಬೇಕೆಂದು ಒಂದು ಬೆಳಿಗ್ಗೆ ಏಣಿ ಹತ್ತಿದಳು.

ಮೊದಲ ಚೀಲದ ಗಂಟು ಬಿಚ್ಚಿದ್ದೇ ತಡ, ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಬೂದು ಬಣ್ಣದ ಸಣ್ಣ ಪತಂಗಗಳು ಪಟಪಟನೆ ಎದ್ದು ಕೆನ್ನೆಗೆ, ಕಣ್ಣಿಗೆ ಬಡಿದವು. ಒಳಗೆ ಕೆಂಪು ತೆನೆ ಕಾಣಿಸುತ್ತಲೇ ಇರಲಿಲ್ಲ. ಎಳೆ ಎಳೆಯನ್ನೂ ಬಿಳಿ ಬಲೆ ಹೆಣೆದು ಮುಚ್ಚಿತ್ತು. ಬಲೆಯೊಳಗೆ ಹಿಕ್ಕೆ, ಪುಡಿ, ಟೊಳ್ಳು ಕಾಳು, ಮತ್ತು ಹುಳು! ಮಾಸಲು ಬಿಳಿಯ ಹುಳುಗಳು ಗುಂಪುಗುಂಪಾಗಿ ಹೊರಳುತ್ತಿದ್ದವು. ತೆನೆ ಎತ್ತಿದಾಗ ಅವು ಸಣ್ಣ ನೂಲು ಬಿಟ್ಟುಕೊಂಡು ಕೆಳಕ್ಕೆ ಇಳಿದವು. ಒಂದು ಅವಳ ಮಣಿಕಟ್ಟಿನ ಮೇಲೆ ಹರಿಯಿತು.

ಚಿಕ್ಕಂದಿನಿಂದ ರೇಷ್ಮೆ ಹುಳುವನ್ನು ಅಂಗೈಯಲ್ಲಿ ಆಡಿಸಿದವಳು ಅಮೂಲ್ಯ. ಅವಳೇ ಏಣಿ ಇಳಿಯುವಷ್ಟರಲ್ಲಿ ಬಾಯಿ ಮುಚ್ಚಿಕೊಂಡು ಓಡಬೇಕಾಯಿತು.

ಬಚ್ಚಲ ಕಟ್ಟೆ ಹಿಡಿದು ಕಕ್ಕುತ್ತಿರುವಾಗಲೇ ತಲೆಯಲ್ಲಿ ಮಿಂಚು ಹೊಡೆಯಿತು.

ಆ ತೋರಣವೂ ಇದೇ ತೆನೆಯದು. ಅದೇ ದಿನ, ಅದೇ ಹಸಿಯಲ್ಲಿ ಕಟ್ಟಿದ್ದು. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕೊಟ್ಟಿದ್ದು!

ಹಾಗಾದರೆ ಅವನು ಎಲ್ಲರನ್ನೂ ಸರೀರಿ ಎಂದು ಕೂಗಿದ್ದು... ಜಮಖಾನದಲ್ಲಿ ಸುತ್ತಿದ್ದು... ಸುಟ್ಟಿದ್ದು...

"ಅಯ್ಯೋ ದೇವರೇ," ಎಂದಳು ಅಮೂಲ್ಯ, ಬಾಯಿ ಒರಸಿಕೊಳ್ಳುವುದನ್ನೂ ಮರೆತು.

* * *

ಚನ್ನಪಟ್ಟಣದ ಆ ಸಣ್ಣ ಅಂಗಡಿಯಲ್ಲಿ ಲೇತು ತಿರುಗುತ್ತಿತ್ತು. ಪಕ್ಕದ ಲೇತಿನಲ್ಲಿ ಕೆಲಸ ಮಾಡುತ್ತಿದ್ದ ನಜೀರ್ ಅವಳನ್ನು ನೋಡಿ, "ಬನ್ನಿ ಅಮ್ಮ. ಒಸಿ ಬುದ್ಧಿ ಹೇಳಿ ಇವನಿಗೆ, ಊಟಾನೇ ಬಿಟ್ಟವ್ನೆ," ಎಂದು ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋದರು.

"ತೋರಣದಲ್ಲಿ ಹುಳ ಇತ್ತಾ?" ನಿಂತ ನಿಲುವಿನಲ್ಲೇ ಕೇಳಿದಳು.

ಯೋಗಾನಂದ ಲೇತು ನಿಲ್ಲಿಸಿದ. ಸುಳ್ಳು ಹೇಳಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿದ.

"ಇತ್ತು. ಬೆಳಿಗ್ಗೆ ಕಟ್ಟಿದಾಗ ಕಾಣ್ಲಿಲ್ಲ. ಲೈಟು ಹಾಕಿದ ಶಾಖಕ್ಕೋ ಏನೋ, ನೂಲು ಬುಟ್ಕೊಂಡು ಇಳಿಯಕ್ಕೆ ಶುರುವಾದ್ವು. ಬಾಗ್ಲ ಪಕ್ಕದಲ್ಲೇ ಊಟಕ್ಕೆ ಎಲೆ ಹಾಕ್ತಾ ಇದ್ರು. ಗಂಡಿನ ಸೋದರತ್ತೆ ಬೇರೆ ಬಾಗ್ಲಿಗೆ ಪರ್ಕೆ ಕಟ್ಟವ್ರೆ ಅಂತ ಗೊಣಗ್ತಾ ಇತ್ತು. ಅದನ್ನೇ ಹಿಡ್ಕೊಂಡು ಜೋರಾಗಿ ಕೂಗ್ಬುಟ್ಟೆ. ಹುಳ ಯಾರ ಕಣ್ಣಿಗೂ ಬೀಳೋ ಮೊದ್ಲು ಕಿತ್ತಾಕ್ಬುಡನ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನೀವು ಬೆಳೆದಿದ್ದರಲ್ಲಿ ಹುಳ ಬಿದ್ದೈತೆ ಅಂದ್ರೆ ನಿಮ್ಮ ಎದೆ ಒಡ್ದೋಯ್ತದೆ. ಇನ್ಮೇಲೆ ಬಿತ್ತೋದೇ ಇಲ್ಲ ಅಂದ್ಬುಡ್ತೀರ. ನನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೂ ಪರವಾಗಿಲ್ಲ ಅನ್ಕೊಂಡೆ."

ಎಂಥ ದೊಡ್ಡ ತ್ಯಾಗ! ಕಥೆ ಓದುವವರಿಗೆ ಇಲ್ಲಿ ಕಣ್ಣು ತುಂಬಬಹುದು. ಅಮೂಲ್ಯಳಿಗೆ ಮಾತ್ರ ಮೈ ಉರಿದುಹೋಯಿತು.

"ತುಂಬಾ ಉಪಕಾರ ಆಯ್ತು ಕಣ್ರೀ! ಹುಳ ಬಿದ್ದಿದ್ದು ನನ್ನ ತಪ್ಪು. ಪೂರ್ತಿ ಒಣಗಿಸ್ದೆ ಕಟ್ಟಿದೆ. ನೆನೆಸ್ಕೊಂಡ್ರೆ ನನಗೇ ನನ್ನ ಮೇಲೆ ಅಸಹ್ಯ ಆಗ್ತಿದೆ. ಆದ್ರೆ ತಪ್ಪನ್ನ ತಿದ್ಕೋಬಹುದು! ಮುಂದಿನ ಸಲ ಚೆನ್ನಾಗಿ ಒಣಗಿಸ್ತೀನಿ, ಮುಗೀತು. ನೀವು ಬೆಳೆಯನ್ನೇ ಅಸಹ್ಯ ಅಂದ್ಬಿಟ್ರಲ್ಲ, ಅದನ್ನ ಹೆಂಗೆ ತಿದ್ಲಿ? ಊರೋರೆಲ್ಲ ಅಂದಾಗ ನಾನು ಅಳ್ಲಿಲ್ಲ. ನೀವಂದಾಗ..."

ಅವಳು ಅಂಗೈಯಲ್ಲಿ ಕಣ್ಣು ಒರಸಿಕೊಂಡಳು. ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು.

"ಕಣ್ಣೀರು ಒರಸೋಕೆ ಬರ್ಬೇಡಿ. ಈಗ ನನ್ನ ಜೊತೆ ಮಾಗಡಿಗೆ ಬನ್ನಿ. ನಿಮ್ಮ ತಂಗಿ ಮಾವನ ಮನೆಗೆ. ಪರ್ಕೆ ಅಂದಿದ್ದು ಸುಳ್ಳು, ಹುಳ ಬಿದ್ದಿದ್ದು ನಿಜ ಅಂತ ಹೇಳ್ಬೇಕು."

ಅವನ ಮುಖ ಬಾಡಿತು. "ಅಮೂಲ್ಯ... ತಂಗಿ ಮದ್ವೆ ಇನ್ನೂ ಆಗಿಲ್ಲ. ಊಟದ ಎಲೆ ಮೇಲೆ ಹುಳ ಬೀಳಂಗಿತ್ತು ಅಂತ ಗೊತ್ತಾದ್ರೆ ಅವ್ರು ಏನಂತಾರೋ..."

"ಸರಿ. ನಾನೊಬ್ಳೇ ಹೋಗ್ತೀನಿ. ತಪ್ಪು ನಂದು ತಾನೇ?"

ತಿರುಗಿ ಮೆಟ್ಟಿಲು ಇಳಿದಳು. ರಸ್ತೆ ದಾಟುವಷ್ಟರಲ್ಲಿ ಹಿಂದೆ ಷಟರ್ ಎಳೆದ ಸದ್ದು ಕೇಳಿಸಿತು. ಯೋಗಾನಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿಬರುತ್ತಿದ್ದ.

* * *

ಬೀಗರು ಲಿಂಗಯ್ಯನವರ ಮನೆ ಸಾವನದುರ್ಗದ ಬುಡದಲ್ಲಿತ್ತು. ಜಗಲಿಯ ಮೇಲೆ ಅವರೇಕಾಯಿ ರಾಶಿ ಹಾಕಿಕೊಂಡು ಗಂಡ ಹೆಂಡತಿ ಸುಲಿಯುತ್ತಿದ್ದರು. ಬಂದವರಿಗೂ ಮೊರ ಮುಂದಿಟ್ಟರು. ಅವರೆ ಕಾಲದಲ್ಲಿ ಆ ಕಡೆಯ ಮನೆಗಳಲ್ಲಿ ಕೂತವರ ಕೈ ಸುಮ್ಮನಿರುವ ಹಾಗಿಲ್ಲ.

ಅಮೂಲ್ಯ ಸುಲಿಯುತ್ತಲೇ ಎಲ್ಲ ಹೇಳಿದಳು. ಬೀಜ ಬಿತ್ತಿದ್ದು, ಹಸಿಯಲ್ಲೇ ಕಟ್ಟಿದ್ದು, ಹುಳು ಬಿದ್ದಿದ್ದು. ಯೋಗಾನಂದ ತಲೆ ತಗ್ಗಿಸಿ ತನ್ನ ಸುಳ್ಳನ್ನು ತಾನೇ ಹೇಳಿಕೊಂಡ.

 

ಲಿಂಗಯ್ಯ ಒಂದು ಕಾಯಿ ಬಿಡಿಸಿದರು. ಒಳಗಿಂದ ದಪ್ಪನೆಯ ಹಸಿರು ಹುಳು ಹೊರಳಿ ನೆಲಕ್ಕೆ ಬಿತ್ತು.

"ಹುಳಾನಾ? ಈ ರಾಶೀಲಿ ಎಷ್ಟು ಅವೆ ನೋಡವ್ವ. ಹುಳ ಇಲ್ದಿರೋ ಅವರೇಕಾಯಿ ಮಾಗಡೀಲಿ ಎಲ್ಲೈತೆ? ತೆಗೆದಾಕಿ ಸಾರು ಮಾಡಲ್ವಾ ನಾವು?" ಆಮೇಲೆ ಯೋಗಾನಂದನ ಕಡೆ ತಿರುಗಿದರು. ಈಗ ಮುಖದಲ್ಲಿ ನಗುವಿರಲಿಲ್ಲ. "ನೀನಂದ ಮಾತು ಮಾತ್ರ ನಮ್ಮ ಮನೇಲಿ ಯಾರಿಗೂ ಸೇರ್ಲಿಲ್ಲ ಕಣಪ್ಪ. ನಮ್ಮಕ್ಕ ಗೊಣಗಿದ್ದು ನಿಜ, ಅದರ ಬಾಯೇ ಅಂಗೆ. ಆದ್ರೆ ಒಬ್ಬ ಹೆಣ್ಮಗಳು ಬೆಳೆದಿದ್ದನ್ನ ಥೂ ಅಂತ ಸುಟ್ಟಾಕಿದ್ನಲ್ಲ, ಇಂಥ ಮನೆ ಹೆಣ್ಣು ತಂದ್ರೆ ಹೆಂಗೋ ಏನೋ ಅಂತ ನಮ್ಮೋಳು ದಿಗಿಲು ಬಿದ್ದಿದ್ಲು."

ಯೋಗಾನಂದ ಕಕ್ಕಾಬಿಕ್ಕಿಯಾದ. ತಂಗಿಯ ಸಂಬಂಧ ಉಳಿಸಲು ಆಡಿದ ಮಾತೇ ಅದನ್ನು ಕೆಡಿಸಲು ಹೊರಟಿತ್ತು!

"ಮದ್ವೆಗೆ ಕಟ್ಟವ್ವ ಅದನ್ನ," ಎಂದರು ಲಿಂಗಯ್ಯನವರ ಹೆಂಡತಿ. "ದೂರದಿಂದ ನೋಡಿದ್ದೆ. ಬಣ್ಣ ಚೆಂದಿತ್ತು."

"ಮದುವೆ ಬೇಸಿಗೇಲಿ ತಾನೇ ಅಮ್ಮ? ಬಿತ್ತನೆ ಕಾಳು ಬೂದಿ ಕಲಸಿ ಬೇರೆ ಇಟ್ಟಿದ್ದೀನಿ. ನೀರು ಕಟ್ಟಿ ಈಗ್ಲೇ ಬಿತ್ತಿದ್ರೆ ಬರ್ತದೆ. ಪೂರ್ತಿ ಒಣಗಿದ್ರೆ ಮಾತ್ರ ಕಟ್ತೀನಿ. ಒಣಗ್ಲಿಲ್ಲ ಅಂದ್ರೆ ಮಾವಿನೆಲೆ ಕಟ್ಕೊಳ್ಳಿ."

ಆಕೆ ನಕ್ಕು ಅವಳ ಮೊರಕ್ಕೆ ಇನ್ನೊಂದು ಬೊಗಸೆ ಕಾಯಿ ಸುರಿದರು.

* * *

ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ರಾಮನಗರದ ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದ ಮೋರಿ ಗಬ್ಬೆಂದು ನಾರುತ್ತಿತ್ತು. ಯೋಗಾನಂದ ಮೂಗು ಮುಚ್ಚಿಕೊಳ್ಳಲು ಹೋಗಿ ಅರ್ಧಕ್ಕೇ ಕೈ ಇಳಿಸಿದ.

"ಅವತ್ತು ಕೇಳ್ಬೇಕು ಅಂತಿದ್ದೆನಲ್ಲ... ಈಗ ಕೇಳ್ಲಾ?"

"ಈ ಮೋರಿ ಪಕ್ಕದಲ್ಲಾ?"

"ಇನ್ನು ತಡ ಮಾಡಲ್ಲ ಅಮೂಲ್ಯ. ನನಗೆ ಎಲ್ಲದಕ್ಕೂ ವಾಕರಿಕೆ ಬತ್ತದೆ. ಹೇನು, ಹುಳ, ಮೋರಿ... ಈಗೀಗ ನನ್ನ ಮುಖ ಕನ್ನಡೀಲಿ ನೋಡ್ಕೊಂಡ್ರೂ ಬತ್ತದೆ. ನಿಮ್ಮನ್ನ ಕಂಡ್ರೆ ಮಾತ್ರ..."

"ಬರಲ್ವಾ?"

"ಇಲ್ಲ."

"ಇದೇನ್ರೀ ಪ್ರೀತಿ ಹೇಳೋ ರೀತಿ!" ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಎಷ್ಟು ದಿನ ಈ ಮನುಷ್ಯನನ್ನು ದ್ವೇಷಿಸುತ್ತಾ ಕಳೆದೆ... ದ್ವೇಷಿಸುವುದಕ್ಕೂ ಇವನನ್ನೇ ನೆನೆಯಬೇಕಾಗಿತ್ತಲ್ಲ!

"ನನ್ನ ಮದ್ವೆ ಆಗ್ತೀರಾ?" ಅವನು ನೇರವಾಗಿ ಕೇಳಿದ.



"ಒಂದು ಮಾತು ಕೊಡ್ಬೇಕು. ನನ್ನಲ್ಲಿ ಏನೇ ಕೆಟ್ಟದ್ದು ಕಂಡ್ರೂ ಮೊದ್ಲು ನನಗೆ ಹೇಳ್ಬೇಕು. ನನ್ನ ಕಾಪಾಡ್ತೀನಿ ಅಂತ ಮುಚ್ಚಿಡ್ಬಾರ್ದು."

"ಹೇಳ್ತೀನಿ."

"ಎಷ್ಟೇ ಅಸಹ್ಯ ಆದ್ರೂ?"

"ಎಷ್ಟೇ ಅಸಹ್ಯ ಆದ್ರೂ." ಅವನು ಅವಳನ್ನೇ ನೋಡುತ್ತಾ ತಡವರಿಸಿದ. "ಈಗ್ಲೇ ಒಂದು ಹೇಳ್ಬೇಕು. ಹೇಳ್ಲಾ?"

"ಹೇಳಿ."

"ನಿಮ್ಮ ಕಿವಿ ಹತ್ರ, ಕೂದಲಲ್ಲಿ... ಅವರೇಕಾಯಿ ಹುಳ ಐತೆ. ದಪ್ಪಂದು."

ಅಮೂಲ್ಯ ಕಿರುಚಲಿಲ್ಲ, ಅಲುಗಲೂ ಇಲ್ಲ. ಕಣ್ಣು ಮುಚ್ಚಿ ಅವನ ಕಡೆ ತಲೆ ವಾಲಿಸಿದಳು. ಅವನ ಬೆರಳು ಕೂದಲಿಗೆ ತಾಗಿತು. ಗಂಟಲಿನಿಂದ "ಉವ್ವೇ" ಎಂಬ ಸದ್ದು ಬಂತು, ಆದರೂ ಬೆರಳು ಹಿಂದೆ ಸರಿಯಲಿಲ್ಲ. ಬರಿಗೈಯಲ್ಲೇ ಹುಳುವನ್ನು ಬಿಡಿಸಿ ಮೋರಿಗೆ ಎಸೆದ.

"ಥೂ!" ಎಂದರು ಇಬ್ಬರೂ ಒಟ್ಟಿಗೆ.

ದೂರದಲ್ಲಿ ಬಸ್ಸು ತಿರುಗುತ್ತಿತ್ತು. ಅವನು ಕೈ ಚಾಚಿದ, ಹಿಡಿಯಲೋ ಬೇಡವೋ ಎನ್ನುವ ಹಾಗೆ.

"ಯೋಗಿ," ಎಂದಳು ಅಮೂಲ್ಯ. 'ನೀವು' ಎನ್ನುವುದು ಆ ಕ್ಷಣಕ್ಕೆ ಅವಳ ನಾಲಿಗೆಯಿಂದ ತಾನಾಗಿಯೇ ಬಿದ್ದುಹೋಯಿತು. "ಅಲ್ಲಿ ನಲ್ಲಿ ಐತೆ. ಓಡಿ ಹೋಗಿ ಕೈ ತೊಳ್ಕೊಂಡು ಬಾ. ಆಮೇಲೆ ಹಿಡ್ಕೋ... ಬಿಡ್ಬೇಡ."